ಅನಿಲವು ನೇರವಾಗಿ ಘನವಾಗುವ ಬಗೆ

ದ್ರವ್ಯಕ್ಕೆ ಘನ, ದ್ರವ, ಅನಿಲವೆಂಬ ಮೂರು ಅವಸ್ಥೆಗಳುಂಟೆಂಬುದು ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲ ಸಂಗತಿ. ಮಂಜುಗಡ್ಡೆ ಕರಗಿ ನೀರಾಗುತ್ತದೆ, ನೀರು ಕಾದು ಉಗಿಯಾಗುತ್ತದೆ. ಉಗಿ ತಣಿದು ಮತ್ತೆ ನೀರಾಗುತ್ತದೆ, ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ. ಈ ಏರಿಳಿತದಲ್ಲಿ ದ್ರವವೆಂಬುದು ನಡುವಣ ಮೆಟ್ಟಿಲು. ಆದರೆ ಕೆಲವು ಸಂದರ್ಭಗಳಲ್ಲಿ ಅನಿಲವು ಆ ಮೆಟ್ಟಿಲನ್ನು ತುಳಿಯದೆಯೇ ನೇರವಾಗಿ ಘನರೂಪಕ್ಕೆ ಇಳಿಯುತ್ತದೆ. ಪಠ್ಯಪುಸ್ತಕಗಳು ಇದಕ್ಕೆ ಸಾಮಾನ್ಯವಾಗಿ ಕೊಡುವ ನಿದರ್ಶನವೆಂದರೆ ಶೀತದೇಶಗಳಲ್ಲಿ ಚಳಿಗಾಲದ ರಾತ್ರಿ ಹುಲ್ಲಿನ ಮೇಲೆ ಕೂಡುವ ಬಿಳಿಯ ಹಿಮ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ತಾಲೂಕುಗಳ ಮಗು ಅಂಥ ಹಿಮವನ್ನು ತನ್ನ ಊರಿನಲ್ಲಿ ಕಾಣುವುದೇ ಇಲ್ಲ. ಆದುದರಿಂದ ಅದು ಆ ವಾಕ್ಯವನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಬೇಸಿಗೆಯ ಸೂಟಿಯಲ್ಲಿ ಮರೆಯುತ್ತದೆ. ವಿಚಿತ್ರವೆಂದರೆ ಅದೇ ಮಗು ಇದೇ ಕ್ರಿಯೆಯನ್ನು ಓಣಿಯಲ್ಲಿ, ದೇವರ ಕೋಣೆಯಲ್ಲಿ, ತಂದೆ ಮೆಣಸಿನಕಾಯಿ ಚೀಲಗಳನ್ನು ಒಯ್ದಿಡುವ ಶೀತಲಗೃಹದಲ್ಲಿ ಕಣ್ಣಾರೆ ಕಂಡಿರಬಹುದು. ಕಂಡದ್ದು ಇದೇ ಎಂದು ತೋರಿಸಿಕೊಡುವವರು ಮಾತ್ರ ವಿರಳ.

ಘನವು ಕರಗದೆ ನೇರವಾಗಿ ಆವಿಯಾಗುವುದಕ್ಕೆ ಉತ್ಪತನವೆಂದು ಹೆಸರು. ಅದರ ವಿಲೋಮಕ್ರಿಯೆಗೆ, ಅಂದರೆ ಆವಿಯು ನೇರವಾಗಿ ಘನವಾಗುವುದಕ್ಕೆ, ನಿಕ್ಷೇಪಣವೆನ್ನಬಹುದು. ಹಳೆಯ ರಸಾಯನಶಾಸ್ತ್ರವು ಇವೆರಡನ್ನೂ ಬೇರೆಬೇರೆಯಾಗಿ ಎಣಿಸುತ್ತಿರಲಿಲ್ಲ. ಕಾಯಿಸಿ ಮೇಲಕ್ಕೇರಿಸಿ ಮತ್ತೆ ಘನವಾಗಿ ಹಿಡಿಯುವ ಇಡೀ ಕೆಲಸಕ್ಕೆ ಒಂದೇ ಹೆಸರಿತ್ತು. ನಮ್ಮ ದೇಶದ ರಸಶಾಸ್ತ್ರಜ್ಞರ ಊರ್ಧ್ವಪಾತನವೆಂಬ ಮಾತಿನಲ್ಲಿಯೂ ಈ ಎರಡೂ ಅಡಕವಾಗಿವೆ. ಮೇಲಕ್ಕೆ ಹೋದದ್ದು ಮೇಲೆಯೇ ಅಂಟಿಕೊಂಡು ಸಿಕ್ಕಿದಾಗಲೇ ಅವರ ಕೆಲಸ ಮುಗಿಯುತ್ತಿತ್ತು. ಆದರೆ ಬೋಧನೆಯ ಅನುಕೂಲಕ್ಕಾಗಿ ಎರಡನ್ನೂ ಬೇರೆಯಾಗಿಯೇ ಹೇಳುವುದು ಒಳ್ಳೆಯದು. ಆವಿಯಾಗುವಾಗ ವಸ್ತು ಶಾಖವನ್ನು ಹೀರುತ್ತದೆ, ಘನವಾಗುವಾಗ ಆ ಶಾಖವನ್ನು ಹೊರಕ್ಕೆ ಬಿಡುತ್ತದೆ. ಈ ವ್ಯತ್ಯಾಸದ ಮೇಲೆ ಮುಂದೆ ಬರುವ ಅನೇಕ ವಿಷಯಗಳು ನಿಂತಿವೆ.

ಈಗ ಕಲಾಯಿಯ ವಿಷಯ. ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಗಳು ಮನೆಮನೆಗೂ ಬರುವ ಮೊದಲು ತಾಮ್ರ ಹಿತ್ತಾಳೆಯ ಹಂಡೆ, ಕೊಳಗ, ಪಾತೇಲಿಗಳಿಗೆ ಒಳಗಡೆ ತವರದ ಲೇಪ ಹಾಕಿಸುವುದು ಪ್ರತಿ ಸಂಸಾರದ ಅವಶ್ಯ ಖರ್ಚಾಗಿತ್ತು. ಹುಣಸೆಹುಳಿ, ಮಜ್ಜಿಗೆಗಳು ಬರಿ ತಾಮ್ರದೊಡನೆ ಕೂಡಿ ಕಿಲುಬಾಗಿ ಅಡಿಗೆಯನ್ನು ವಿಷಮಾಡುತ್ತವೆಂಬುದು ಮನೆಯ ಹಿರಿಯರಿಗೆ ಗೊತ್ತಿತ್ತು. ಕಲಾಯಿಗಾರನು ಓಣಿಯ ಬಯಲಿನಲ್ಲಿ ಕುಳಿ ತೋಡಿ, ತಿದಿಯ ನಳಿಕೆಯನ್ನು ಮಣ್ಣಿನಲ್ಲಿ ಹುಗಿದು, ಇದ್ದಿಲು ಉರಿಸುತ್ತಾನೆ. ಮರಳಿನಿಂದ ತಿಕ್ಕಿದ ಪಾತ್ರೆಯನ್ನು ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಿ, ಒಂದು ಚಿಟಿಕೆ ನವಸಾಗರದ ಪುಡಿಯನ್ನು ಒಳಗೆ ಎರಚಿ ಅರಳೆಯಿಂದ ಉಜ್ಜುತ್ತಾನೆ. ಒಡನೆಯೇ ದಟ್ಟವಾದ ಬಿಳಿಯ ಹೊಗೆ ಭುಗಿಲ್ಲೆಂದು ಏಳುತ್ತದೆ. ಅದರ ಘಾಟು ಮೂಗನ್ನು ಕೊರೆಯುತ್ತದೆ. ಸುತ್ತ ನೆರೆದ ಮಕ್ಕಳು ಕಣ್ಣುಜ್ಜಿಕೊಂಡು ಹಿಂದೆ ಸರಿಯುತ್ತಾರೆ. ಅನಂತರ ತವರದ ಕಡ್ಡಿಯನ್ನು ತಾಗಿಸಿದರೆ 232 ಡಿಗ್ರಿಯಲ್ಲಿ ಕರಗುವ ಆ ಲೋಹ ಬೆಳ್ಳಿಯಂತೆ ಹರಡುತ್ತದೆ. ಪಾತ್ರೆ ನೀರಿಗೆ ಬಿದ್ದು ಚುಂಯ್ ಎಂದಾಗ ಕಲಾಯಿ ಮುಗಿಯಿತು. ಈಗ ಈ ಕಸುಬಿನವರು ಊರೂರು ಅಲೆಯುವುದು ಅಪರೂಪ. ಆದರೂ ತಾಮ್ರದ ಪಾತ್ರೆಗಳ ಬಳಕೆ ಇರುವಲ್ಲಿ ಅವರ ಕೈಗೆ ಕೆಲಸ ತಪ್ಪಿಲ್ಲ.

ಆ ಬಿಳಿಯ ಹೊಗೆ ಏನು? ಕಟ್ಟಿಗೆಯ ಹೊಗೆಯಂತೆ ಅದು ಉರಿಯಿಂದ ಹುಟ್ಟಿದ್ದಲ್ಲ. ನವಸಾಗರ ಉರಿಯುವ ವಸ್ತುವೇ ಅಲ್ಲ. ಉಗಿಯಂತೆ ಅದು ನೀರಿನ ಹನಿಗಳ ಸಮೂಹವೂ ಅಲ್ಲ. ಬಿಸಿಪಾತ್ರೆಯ ಮೇಲೆ ಅನಿಲವಾಗಿ ಹೋದ ನವಸಾಗರವು ತಣ್ಣನೆಯ ಗಾಳಿಯನ್ನು ಮುಟ್ಟಿದ ಕ್ಷಣದಲ್ಲಿ ಮತ್ತೆ ಘನವಾಗಿ, ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸೂಕ್ಷ್ಮವಾದ ಹರಳುಗಳಾಗಿ ತೇಲುತ್ತದೆ. ನಡುವೆ ದ್ರವವೆಂಬುದೇ ಇಲ್ಲ. ಕಲಾಯಿಗಾರನ ಪಾತ್ರೆಯ ಬಾಯಿಯಿಂದ ಗೇಣುದ್ದ ಮೇಲೆ, ಮಕ್ಕಳ ಮೂಗಿನ ಎದುರಿಗೆ, ಅನಿಲವು ನೇರವಾಗಿ ಘನವಾಗುತ್ತಿರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಪಾಠ ಸುಲಭವಾಗುತ್ತದೆ, ಆದರೆ ಸತ್ಯ ಅರ್ಧಕ್ಕೇ ಉಳಿಯುತ್ತದೆ. ಡಬ್ಬಿಯಲ್ಲಿ ಇಟ್ಟ ಒಣ ನವಸಾಗರಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಕಾದಾಗ ಮಾತ್ರ ಘಾಟು ಏಕೆ? ನವಸಾಗರದ ರಾಸಾಯನಿಕ ನಾಮ ಅಮೋನಿಯಂ ಕ್ಲೋರೈಡ್. ಅದನ್ನು ಕಾಯಿಸಿದಾಗ ಅದು ಅಮೋನಿಯ ಮತ್ತು ಹೈಡ್ರೊಜನ್ ಕ್ಲೋರೈಡ್ ಎಂಬ ಎರಡು ಬೇರೆ ಅನಿಲಗಳಾಗಿ ಒಡೆಯುತ್ತದೆ. ತಣಿದಾಗ ಅವೆರಡೂ ಮತ್ತೆ ಕೂಡಿಕೊಂಡು ನವಸಾಗರವಾಗುತ್ತವೆ. ಕೂಡಿಕೊಳ್ಳದೆ ಉಳಿದ ಅಷ್ಟಿಷ್ಟು ಅನಿಲವೇ ಮೂಗಿಗೆ ಬಡಿಯುವ ಘಾಟು. ತಾಮ್ರದ ಮೇಲಿನ ಕಿಲುಬನ್ನು ತೊಡೆದು ತವರ ಹಿಡಿಯುವಂತೆ ಮಾಡುವುದೂ ಈ ಬಿಡುಗಡೆಯಾದ ಹೈಡ್ರೊಜನ್ ಕ್ಲೋರೈಡೇ. ನವಸಾಗರವು ಒಡೆಯದೆ ಹಾಗೆಯೇ ಆವಿಯಾಗುವಂತಿದ್ದರೆ ಕಲಾಯಿಯ ಕಸುಬೇ ಇರುತ್ತಿರಲಿಲ್ಲ.

ಈ ಪುಟ್ಟ ಸಂಗತಿಯ ಮೇಲೆ ಒಂದು ಕಾಲಕ್ಕೆ ರಸಾಯನಶಾಸ್ತ್ರದ ಅಡಿಗಲ್ಲೇ ಅಲುಗಾಡಿತ್ತೆಂದರೆ ಇಂದಿನ ವಿದ್ಯಾರ್ಥಿಗೆ ಆಶ್ಚರ್ಯವೆನಿಸಬಹುದು. ಒಂದೇ ಉಷ್ಣತೆ ಒಂದೇ ಒತ್ತಡದಲ್ಲಿರುವ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮವೆಂದು ಇಟಲಿಯ ಅವೊಗಾಡ್ರೊ 1811ರಲ್ಲಿ ಸೂಚಿಸಿದನು. ಅದನ್ನು ಜಗತ್ತು ಅರ್ಧ ಶತಮಾನ ಕಡೆಗಣಿಸಿತು. ಆತನ ದೇಶದವನೇ ಆದ ಕನ್ನಿಜಾರೊ 1858ರಲ್ಲಿ ಆ ತತ್ವವನ್ನು ಮತ್ತೆ ಎತ್ತಿಹಿಡಿದು, ಅದರ ಬಲದಿಂದ ಅಣುತೂಕಗಳನ್ನೂ ಪರಮಾಣುತೂಕಗಳನ್ನೂ ನಿರ್ಣಯಿಸಬಹುದೆಂದು ತೋರಿಸಿದನು. ಆಕ್ಷೇಪಿಸುವವರ ಕೈಯಲ್ಲಿ ಇದ್ದ ಹರಿತವಾದ ಆಯುಧಗಳಲ್ಲೊಂದು ನವಸಾಗರ. ಅದರ ಅಣುತೂಕ 53.5. ಅವೊಗಾಡ್ರೊವಿನ ತತ್ವ ನಿಜವಾದರೆ ಅದರ ಆವಿಯು ಹೈಡ್ರೊಜನ್ನಿಗಿಂತ 26.75 ಪಟ್ಟು ಭಾರವಿರಬೇಕು. ಅಳೆದು ನೋಡಿದರೆ ಸಿಕ್ಕದ್ದು ಸುಮಾರು 13.4, ಅಂದರೆ ಸರಿಯಾಗಿ ಅರ್ಧ! ತತ್ವ ಸುಳ್ಳೇ, ಅಥವಾ ಆವಿಯಲ್ಲಿ ಏನಾದರೂ ಗುಟ್ಟಿದೆಯೇ? ಕನ್ನಿಜಾರೊ, ಕೋಪ್, ಕೆಕುಲೆ ಮೊದಲಾದವರು ಎರಡನೆಯದೇ ನಿಜವೆಂದರು. ಒಂದು ಕಣ ಒಡೆದು ಎರಡಾದರೆ ಗಾತ್ರ ಇಮ್ಮಡಿಯಾಗುತ್ತದೆ, ಸಾಂದ್ರತೆ ಅರ್ಧಕ್ಕಿಳಿಯುತ್ತದೆ. ತರ್ಕವೇನೋ ಸೊಗಸಾಗಿತ್ತು. ಆದರೆ ತಣಿದೊಡನೆ ಮತ್ತೆ ಒಂದಾಗಿಬಿಡುವ ಜೋಡಿಯನ್ನು ಬೇರ್ಪಟ್ಟಾಗ ಹಿಡಿಯುವುದು ಹೇಗೆ?

ಹಿಡಿದವನು ಪೆಬಾಲ್, 1862ರಲ್ಲಿ. ಹಗುರವಾದ ಅನಿಲ ಭಾರವಾದ ಅನಿಲಕ್ಕಿಂತ ಬೇಗನೆ ಹರಡುತ್ತದೆಂಬ ನಿಯಮ ಆಗಲೇ ತಿಳಿದಿತ್ತು. ಅಮೋನಿಯದ ಅಣುತೂಕ 17, ಹೈಡ್ರೊಜನ್ ಕ್ಲೋರೈಡಿನದು 36.5. ಲೆಕ್ಕ ಹಾಕಿದರೆ ಮೊದಲನೆಯದರ ವೇಗ ಎರಡನೆಯದರ ಸುಮಾರು ಒಂದೂವರೆ ಪಟ್ಟು. ಪೆಬಾಲನು ನವಸಾಗರದ ಆವಿಯನ್ನು ಕಲ್ನಾರಿನ ಬಿರಡೆಯ ಮೂಲಕ ನುಸುಳಗೊಟ್ಟಾಗ ಅಮೋನಿಯ ಮುಂದೆ ಓಡಿತು, ಸಂಗಾತಿ ಹಿಂದೆ ಉಳಿಯಿತು. ಬಿರಡೆಯ ಆಚೆಯ ಅನಿಲ ಕೆಂಪು ಲಿಟ್ಮಸನ್ನು ನೀಲಿಯಾಗಿಸಿತು, ಈಚೆಯದು ನೀಲಿಯನ್ನು ಕೆಂಪಾಗಿಸಿತು. ಅವೊಗಾಡ್ರೊವಿನ ತತ್ವಕ್ಕೆ ಒದಗಿದ್ದ ಒಂದು ದೊಡ್ಡ ಅಡ್ಡಿ ಹೀಗೆ ದಾರಿ ಬಿಟ್ಟಿತು. ಕಲಾಯಿಗಾರನ ಜೋಳಿಗೆಯಲ್ಲಿರುವ ವಸ್ತುವೇ ಆ ವಾದದ ಸಾಕ್ಷಿಯಾಗಿ ನಿಂತಿತ್ತೆಂಬುದನ್ನು ತರಗತಿಯಲ್ಲಿ ಹೇಳಿದರೆ ಹುಡುಗರು ಅವೊಗಾಡ್ರೊವಿನ ಹೆಸರನ್ನು ಮರೆಯಲಾರರು.

ಭಾರತೀಯ ರಸವೈದ್ಯರ ರಸಸಿಂಧೂರವೂ ಇದೇ ಜಾತಿಯದು. ಪಾದರಸ ಗಂಧಕಗಳನ್ನು ಅರೆದು ಕಜ್ಜಲಿ ಮಾಡಿ, ಬಟ್ಟೆ ಮಣ್ಣು ಮೆತ್ತಿದ ಗಾಜಿನ ಕುಪ್ಪಿಯಲ್ಲಿ ತುಂಬಿ, ವಾಲುಕಾಯಂತ್ರವೆಂಬ ಮರಳಿನ ಪಾತ್ರೆಯಲ್ಲಿಟ್ಟು ದೀರ್ಘಕಾಲ ಕಾಯಿಸುತ್ತಾರೆ. ತಣಿದ ಮೇಲೆ ಕುಪ್ಪಿಯನ್ನು ಒಡೆದರೆ ಕೊರಳಿನ ಸುತ್ತ ಕೆಂಪುಬಣ್ಣದ ಹೊಳೆಯುವ ಪದರು ಸಿಗುತ್ತದೆ. ಅಲ್ಲಿಯೂ ಪಾದರಸದ ಸಲ್ಫೈಡು ಬಿಸಿಯಲ್ಲಿ ಪಾದರಸದ ಆವಿ ಮತ್ತು ಗಂಧಕದ ಆವಿಯಾಗಿ ಒಡೆದು, ಕೊರಳಿನ ತಂಪಿನಲ್ಲಿ ಮತ್ತೆ ಒಂದಾಗಿ ಘನವಾಗುತ್ತದೆ. ರಸರತ್ನಸಮುಚ್ಚಯದಂಥ ಗ್ರಂಥಗಳಲ್ಲಿ ಇಂಥ ಯಂತ್ರಗಳ ವರ್ಣನೆಯಿದೆ. ಇದು ಶಾಲೆಯಲ್ಲಿ ಮಾಡಿನೋಡುವ ಪ್ರಯೋಗವಲ್ಲವೆಂದು ಬೇರೆ ಹೇಳಬೇಕಿಲ್ಲ. ಪಾದರಸದ ಆವಿ ಕಡುವಿಷ.

ಹಾಗಾದರೆ ಒಡೆಯದೆ, ಕೂಡದೆ, ಅದೇ ಅಣುವಾಗಿ ಉಳಿದು ಅನಿಲದಿಂದ ಘನಕ್ಕೆ ಇಳಿಯುವ ವಸ್ತು ಯಾವುದು? ಕರ್ಪೂರ. ಕಿರಾಣಿ ಅಂಗಡಿಯ ಗಾಜಿನ ಭರಣಿಯಲ್ಲಿ ಕರ್ಪೂರದ ಬಿಲ್ಲೆಗಳನ್ನು ಬಹುದಿನ ಇಟ್ಟಿದ್ದರೆ ಭರಣಿಯ ಒಂದು ಬದಿಯ ಒಳಮೈ ಮೇಲೆ ಸಣ್ಣ ಸಣ್ಣ ಮಿನುಗುವ ಹರಳುಗಳು ಕೂತಿರುವುದು ಕಾಣುತ್ತದೆ. ಗಮನಿಸಿ ನೋಡಿದರೆ ಅದು ಬಿಸಿಲು ತಾಗದ, ತಂಪಾದ ಬದಿಯಾಗಿರುತ್ತದೆ. ಬೆಚ್ಚಗಿನ ಕಡೆ ಆವಿಯಾದ ಕರ್ಪೂರ ತಂಪಿನ ಕಡೆ ಬಂದು ನೆಲೆಸಿದೆ. ಆರತಿಯ ತಟ್ಟೆಯಲ್ಲಿ ಉರಿಯುವ ಕರ್ಪೂರದ ಮಾತು ಬೇರೆ. ಅಲ್ಲಿ ಅದರ ಆವಿ ಆಮ್ಲಜನಕದೊಡನೆ ಕೂಡಿ ಸುಟ್ಟುಹೋಗುತ್ತದೆ, ಹಿಂದಿರುಗಿ ಬರುವುದಿಲ್ಲ. ಮೇಲೆ ಕವುಚಿದ ಬಟ್ಟಲಿಗೆ ಹತ್ತುವ ಕಪ್ಪು ಕಾಡಿಗೆಯನ್ನೂ ಕೆಲವರು ಈ ಗುಂಪಿಗೆ ಸೇರಿಸುತ್ತಾರೆ. ಅದು ಸಲ್ಲದು. ಕಾಡಿಗೆಯು ಪೂರ್ತಿ ಉರಿಯದೆ ಉಳಿದ ಇಂಗಾಲ, ತಣಿದು ಬಿದ್ದ ಕರ್ಪೂರವಲ್ಲ.

ಅಯೋಡಿನ್ ಎಂಬ ಧಾತುವಿನ ಶೋಧವೇ ಈ ಕ್ರಿಯೆಯಿಂದಾಯಿತು. 1811ರಲ್ಲಿ, ಅವೊಗಾಡ್ರೊ ತನ್ನ ತತ್ವವನ್ನು ಪ್ರಕಟಿಸಿದ ವರ್ಷವೇ, ಫ್ರಾನ್ಸಿನ ಬರ್ನಾರ್ ಕುರ್ತ್ವಾ ಎಂಬವನು ಕಡಲಸಸ್ಯದ ಬೂದಿಯಿಂದ ಮದ್ದುಗುಂಡಿಗೆ ಬೇಕಾದ ಲವಣವನ್ನು ತೆಗೆಯುವ ಉದ್ಯಮದಲ್ಲಿದ್ದನು. ಬೂದಿಯ ಉಳಿಕೆಗೆ ಗಂಧಕಾಮ್ಲ ಹೆಚ್ಚಾಗಿ ಬಿದ್ದಾಗ ಸುಂದರವಾದ ನೇರಳೆ ಬಣ್ಣದ ಆವಿ ಎದ್ದಿತು. ಅದು ತಣ್ಣನೆಯ ಮೈಗೆ ತಾಗಿದಲ್ಲಿ ದ್ರವವಾಗದೆ ಕಪ್ಪಾದ, ಲೋಹದ ಹೊಳಪಿನ ಹರಳುಗಳಾಗಿ ಕೂತಿತು. ಆ ಹರಳುಗಳೇ ಅಯೋಡಿನ್. ಇಲ್ಲಿ ಉಪಾಧ್ಯಾಯರು ಎಚ್ಚರಿಕೆಯಿಂದ ತಿದ್ದಬೇಕಾದ ಒಂದು ತಪ್ಪುತಿಳಿವಳಿಕೆಯಿದೆ. ಅಯೋಡಿನ್‌ಗೆ ದ್ರವಾವಸ್ಥೆಯೇ ಇಲ್ಲವೆಂದು ಎಷ್ಟೋ ವಿದ್ಯಾರ್ಥಿಗಳು ನಂಬಿದ್ದಾರೆ. ಅದು 114 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಕರಗುತ್ತದೆ, 184 ಡಿಗ್ರಿಯಲ್ಲಿ ಕುದಿಯುತ್ತದೆ. ನಡುವೆ 70 ಡಿಗ್ರಿಗಳ ಅಂತರದಲ್ಲಿ ಅದು ಒಳ್ಳೆಯ ದ್ರವವೇ. ಒಂದು ವಸ್ತು ನೇರವಾಗಿ ಘನವಾಗುತ್ತದೋ ದ್ರವದ ಮೂಲಕ ಹೋಗುತ್ತದೋ ಎಂಬುದು ವಸ್ತುವಿನ ಹುಟ್ಟುಗುಣವೊಂದರಿಂದಲೇ ನಿರ್ಣಯವಾಗುವುದಿಲ್ಲ. ಸಂದರ್ಭವೂ ಸೇರಬೇಕು.

ಆ ಸಂದರ್ಭ ಯಾವುದೆಂಬುದೇ ಈ ಪಾಠದ ತಿರುಳು. ಅನಿಲದಲ್ಲಿ ಅಣುಗಳು ದೂರದೂರ ಚದುರಿ ಓಡಾಡುತ್ತಿರುತ್ತವೆ. ಅವು ಒಂದಕ್ಕೊಂದು ಅಂಟಿ ದ್ರವವಾಗಿ ನಿಲ್ಲಬೇಕಾದರೆ ಸಾಕಷ್ಟು ದಟ್ಟಣೆ ಬೇಕು. ಪ್ರತಿಯೊಂದು ವಸ್ತುವಿಗೂ ಒಂದು ಗೊತ್ತಾದ ಒತ್ತಡವಿದೆ. ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಆ ವಸ್ತುವಿನ ದ್ರವರೂಪವು ಸ್ಥಿರವಾಗಿ ನಿಲ್ಲಲಾರದು. ಘನ, ದ್ರವ, ಅನಿಲ ಮೂರೂ ಒಟ್ಟಿಗೆ ಇರಬಲ್ಲ ಆ ಒತ್ತಡ ಹಾಗೂ ಉಷ್ಣತೆಗೆ ತ್ರಿಕಬಿಂದುವೆಂದು ಹೆಸರು. ನೀರಿಗೆ ಅದು ಪಾದರಸದ 4.58 ಮಿಲಿಮೀಟರ್ ಒತ್ತಡ, ಉಷ್ಣತೆ 0.01 ಡಿಗ್ರಿ. ನುಸಿಗುಳಿಗೆಯ ನ್ಯಾಫ್ತಲೀನಿಗೆ ಸುಮಾರು 7 ಮಿಲಿಮೀಟರ್, ಅಯೋಡಿನ್‌ಗೆ ಸುಮಾರು 90, ಕರ್ಪೂರಕ್ಕೆ ವಾತಾವರಣದ ಸುಮಾರು ಅರ್ಧದಷ್ಟು. ಇಂಗಾಲದ ಡೈಆಕ್ಸೈಡಿಗಾದರೋ ವಾತಾವರಣದ ಐದು ಪಟ್ಟಿಗೂ ಮಿಗಿಲು. ಆದ್ದರಿಂದಲೇ ಅದು ಬಯಲಿನಲ್ಲಿ ಎಂದೂ ದ್ರವವಾಗದೆ 78.5 ಡಿಗ್ರಿ ಶೂನ್ಯದ ಕೆಳಗೆ ನೇರವಾಗಿ ಒಣಹಿಮವಾಗುತ್ತದೆ. 1835ರಲ್ಲಿ ತಿಲೊರಿಯೆ ಮೊದಲಿಗೆ ಅದನ್ನು ಘನವಾಗಿ ಪಡೆದನು.

ಇಲ್ಲಿ ವಿದ್ಯಾರ್ಥಿ ಕೇಳುವ ಪ್ರಶ್ನೆಯೊಂದು ನ್ಯಾಯವಾದುದು. ಗಾಳಿಯ ಒತ್ತಡ ಎಲ್ಲೆಡೆ 760 ಮಿಲಿಮೀಟರಿನ ಆಸುಪಾಸು ಇರುವಾಗ 4.58ರ ಮಾತು ಎಲ್ಲಿಂದ ಬಂತು? ಲೆಕ್ಕಕ್ಕೆ ಬರುವುದು ಇಡೀ ಗಾಳಿಯ ಒತ್ತಡವಲ್ಲ, ಅದರಲ್ಲಿ ಬೆರೆತಿರುವ ಆ ಒಂದು ಆವಿಯ ಪಾಲಿನ ಒತ್ತಡ. ಅಕ್ಕಿಆಲೂರಿನ ಸಂತೆಯಲ್ಲಿ ಸಾವಿರ ಮಂದಿ ನೆರೆದಿದ್ದರೂ ಒಂದು ಹಳ್ಳಿಯಿಂದ ಬಂದವರು ಐವರೇ ಆದರೆ, ಆ ಐವರು ಒಬ್ಬರನ್ನೊಬ್ಬರು ಕಾಣುವುದು ತಮ್ಮ ಸಂಖ್ಯೆಗೆ ತಕ್ಕಂತೆಯೇ ಹೊರತು ಸಂತೆಯ ಸಂದಣಿಗೆ ತಕ್ಕಂತಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮ ಭಾಗದ ಹವೆಯನ್ನು ನೋಡಬಹುದು. ಮಾರ್ಗಶಿರ ಪುಷ್ಯಮಾಸಗಳ ಒಂದು ರಾತ್ರಿ ಹಿರೇಕೆರೂರಿನ ಹೊಲದಲ್ಲಿ ಉಷ್ಣತೆ 15 ಡಿಗ್ರಿಗೆ ಇಳಿದು ಇಬ್ಬನಿ ಬಿತ್ತೆನ್ನೋಣ. ಆಗ ನೀರಾವಿಯ ಒತ್ತಡ ಸುಮಾರು 12.8 ಮಿಲಿಮೀಟರ್. ತ್ರಿಕಬಿಂದುವಿನ 4.58ಕ್ಕಿಂತ ಅದು ಎಷ್ಟೋ ಮೇಲೆ. ಆದುದರಿಂದ ಜೋಳದ ಗರಿಯ ಮೇಲೆ ಹನಿ ಕೂಡುತ್ತದೆ, ಹರಳು ಕೂಡುವುದಿಲ್ಲ. ನೀಲಗಿರಿಯ ಉದಕಮಂಡಲದಲ್ಲಿ ಡಿಸೆಂಬರ್ ಜನವರಿಯ ನಿರ್ಮಲವಾದ ರಾತ್ರಿಗಳಲ್ಲಿ ನೆಲದ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು ಹುಲ್ಲು ಬೆಳ್ಳಗಾಗುತ್ತದೆ, ಚಹದ ಎಳೆಚಿಗುರು ಸುಟ್ಟಂತೆ ಕರಕಾಗುತ್ತದೆ. ಕನ್ನಡದಲ್ಲಿ ಮಂಜು ಎಂಬ ಒಂದೇ ಮಾತು ಇಬ್ಬನಿಗೂ, ನೆಲಕ್ಕಿಳಿದ ಮೋಡದಂಥ ಕಾವಳಕ್ಕೂ, ಹಿಮಕ್ಕೂ ಬಳಕೆಯಾಗುವುದರಿಂದ ತರಗತಿಯಲ್ಲಿ ಗೊಂದಲವೇಳುವುದು ಸಹಜ. ಮೊದಲೆರಡು ಹನಿಗಳ ಕುಲ, ಮೂರನೆಯದು ಹರಳುಗಳ ಕುಲವೆಂದು ಬಿಡಿಸಿ ಹೇಳಿದರೆ ಸಾಕು.

ಹಿಮವನ್ನು ನೋಡಲು ಉದಕಮಂಡಲದವರೆಗೆ ಹೋಗಬೇಕಾಗಿಯೂ ಇಲ್ಲ. ಹಾನಗಲ್ಲ ಹಿರೇಕೆರೂರಗಳ ನೆರೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಶೀತಲಗೃಹಗಳಿವೆ. ಬೆಲೆ ಬರುವವರೆಗೆ ಚೀಲಗಳನ್ನು ಅಲ್ಲಿ ಇರಿಸುವುದು ರೈತರಿಗೂ ವರ್ತಕರಿಗೂ ರೂಢಿ. ಇಂಥ ಕೋಣೆಯ ಹವೆಯನ್ನು 5 ಡಿಗ್ರಿಯಲ್ಲಿ, ಶೇಕಡ 65ರ ತೇವದಲ್ಲಿ ಇಟ್ಟಿದ್ದಾರೆಂದು ಭಾವಿಸೋಣ. 5 ಡಿಗ್ರಿಯಲ್ಲಿ ಹವೆ ತಾಳಬಲ್ಲ ನೀರಾವಿಯ ಒತ್ತಡ 6.54 ಮಿಲಿಮೀಟರ್, ಅದರ ಶೇಕಡ 65 ಎಂದರೆ 4.25. ಇದು 4.58ಕ್ಕಿಂತ ಕಡಿಮೆ! ಆದ್ದರಿಂದ ಸೊನ್ನೆಗಿಂತ ತಂಪಾದ ಶೀತಕದ ಕೊಳವೆಗಳ ಮೇಲೆ ಆ ಆವಿ ನೀರಾಗುವ ಗೊಡವೆಗೆ ಹೋಗದೆ ನೇರವಾಗಿ ಬಿಳಿಯ ಅರಳೆಯಂಥ ಹಿಮವಾಗಿ ಕೂಡುತ್ತದೆ. ಮಳೆಗಾಲದಲ್ಲಿ ಬಾಗಿಲನ್ನು ತೆರೆದಿಟ್ಟು ಹಮಾಲರು ಚೀಲ ಹೊರುತ್ತಿದ್ದರೆ 25 ಡಿಗ್ರಿಯ, ಶೇಕಡ 80ರ ತೇವದ ಗಾಳಿ ನುಗ್ಗುತ್ತದೆ. ಅದರ ಆವಿಯೊತ್ತಡ 19 ಮಿಲಿಮೀಟರ್. ಆಗ ಕೊಳವೆಯ ಮೇಲೆ ಮೊದಲು ನೀರು ಹನಿತು, ಆಮೇಲೆ ಹೆಪ್ಪುಗಟ್ಟಿ, ಗಾಜಿನಂಥ ಗಟ್ಟಿ ಬರ್ಫವಾಗುವ ಸಂಭವವೇ ಹೆಚ್ಚು. ಕೊಳವೆಯ ಮೇಲಿರುವುದು ಬಿಳಿಯ ಅರಳೆಯೋ ಪಾರದರ್ಶಕ ಗಡ್ಡೆಯೋ ಎಂಬುದನ್ನು ನೋಡಿಯೇ ಆ ಕೋಣೆಯ ಬಾಗಿಲನ್ನು ಹೇಗೆ ನಡೆಸಿಕೊಂಡಿದ್ದಾರೆಂದು ಊಹಿಸಬಹುದು.

ಇದು ಬರಿಯ ಕುತೂಹಲದ ಮಾತಲ್ಲ, ವಿದ್ಯುತ್ತಿನ ಬಿಲ್ಲಿನ ಮಾತು. ಒಂದು ಗ್ರಾಂ ನೀರಾವಿ ಸೊನ್ನೆ ಡಿಗ್ರಿಯಲ್ಲಿ ನೀರಾಗುವಾಗ ಸುಮಾರು 597 ಕ್ಯಾಲೊರಿ ಶಾಖ ಬಿಡುತ್ತದೆ, ಆ ನೀರು ಹೆಪ್ಪುಗಟ್ಟುವಾಗ ಇನ್ನೂ 80. ನೇರವಾಗಿ ಹಿಮವಾದಾಗ ಎರಡನ್ನೂ ಕೂಡಿಸಿ 677 ಕ್ಯಾಲೊರಿಯನ್ನು ಒಮ್ಮೆಗೇ ಕೊಳವೆಗೆ ಒಪ್ಪಿಸುತ್ತದೆ. ಯಂತ್ರ ಅದನ್ನೆಲ್ಲ ಹೊರಕ್ಕೆ ಸಾಗಿಸಬೇಕು. ಅಷ್ಟೇ ಅಲ್ಲದೆ ಕೂತ ಹಿಮ ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡು ಕಂಬಳಿಯಂತೆ ವರ್ತಿಸುತ್ತದೆ. ಒಳಗಿನ ತಂಪು ಕೋಣೆಗೆ ತಲುಪುವುದಿಲ್ಲ, ಯಂತ್ರ ಬಿಡುವಿಲ್ಲದೆ ಓಡುತ್ತದೆ. ಹಿಮವನ್ನು ಆಗಾಗ ಕರಗಿಸಿ ತೆಗೆಯುವುದು ಅದಕ್ಕಾಗಿಯೇ. ಬಾಗಿಲು ಮುಚ್ಚಿರೆಂದು ಗೋದಾಮಿನವರು ಕೂಗಾಡುವುದರ ಹಿಂದೆ ಇಷ್ಟು ಭೌತಶಾಸ್ತ್ರವಿದೆ.

ಮೋಡಗಳಲ್ಲಿ ಇದೇ ಕ್ರಿಯೆ ರೈತನ ಬದುಕನ್ನು ಇನ್ನೂ ಹತ್ತಿರದಿಂದ ಮುಟ್ಟುತ್ತದೆ. ವೈಶಾಖದ ಅಡ್ಡಮಳೆಯಲ್ಲಿ ಹಾನಗಲ್ಲಿನ ಮಾವಿನ ತೋಪುಗಳನ್ನು ಹೊಡೆಯುವ ಆಲಿಕಲ್ಲು ಬಹುಮಟ್ಟಿಗೆ ನೀರಿನ ಹನಿಗಳು ಅಂಟಿ ಹೆಪ್ಪುಗಟ್ಟಿ ಬೆಳೆದದ್ದು. ಅದನ್ನು ನಿಕ್ಷೇಪಣದ ಉದಾಹರಣೆಯಾಗಿ ಕೊಡಬಾರದು. ಆದರೆ ಎತ್ತರದ ಮೋಡದೊಳಗೆ ಮೊದಲಿಗೆ ಹುಟ್ಟುವ ಹಿಮದ ಹರಳು ಬೆಳೆಯುವುದು ಮುಖ್ಯವಾಗಿ ಆವಿಯನ್ನು ನೇರವಾಗಿ ಹೀರಿಯೇ. ಸೊನ್ನೆಯ ಕೆಳಗಿನ ಉಷ್ಣತೆಯಲ್ಲೂ ಮೋಡದ ಹನಿಗಳು ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿರುವುದುಂಟು. 10 ಡಿಗ್ರಿ ಶೂನ್ಯದ ಕೆಳಗೆ ಅಂಥ ನೀರಿನ ಮೇಲಿನ ಆವಿಯೊತ್ತಡ 2.15 ಮಿಲಿಮೀಟರ್, ಹಿಮದ ಮೇಲಿನದು 1.95. ಈ ಒಂದಿಷ್ಟು ವ್ಯತ್ಯಾಸದಿಂದಲೇ ಹನಿಗಳು ಆರುತ್ತ ಹೋಗುತ್ತವೆ, ಅವುಗಳ ಆವಿಯೆಲ್ಲ ಹರಳಿನ ಪಾಲಾಗುತ್ತದೆ. ಬೆಳೆದು ಭಾರವಾದ ಹರಳು ಕೆಳಗಿಳಿಯುತ್ತ ಕರಗಿ ಮಳೆಹನಿಯಾಗಿ ಹೊಲಕ್ಕೆ ಬೀಳುತ್ತದೆ. ವೇಗನರ್ 1911ರಲ್ಲಿ ಸೂಚಿಸಿದ್ದನ್ನು ಬೆರ್ಗೆರಾನ್ 1930ರ ದಶಕದಲ್ಲಿ ಸಿದ್ಧಾಂತವಾಗಿ ಬೆಳೆಸಿದನು. ನಮ್ಮ ನಾಡಿನ ಮಳೆಯೆಲ್ಲ ಹೀಗೆಯೇ ಬರುತ್ತದೆಂದಲ್ಲ. ಸೊನ್ನೆಗಿಂತ ಬೆಚ್ಚಗಿನ ಮೋಡಗಳಲ್ಲಿ ಹನಿಗೆ ಹನಿ ಡಿಕ್ಕಿಹೊಡೆದು ದೊಡ್ಡದಾಗಿಯೂ ಮಳೆಯಾಗುತ್ತದೆ.

ಮೋಡಬಿತ್ತನೆ ಹುಟ್ಟಿದ್ದು ಈ ತಿಳಿವಿನಿಂದ. 1946ರಲ್ಲಿ ಅಮೆರಿಕದ ಶೇಫರ್ ಒಣಹಿಮದಿಂದ ಮೋಡದಲ್ಲಿ ಹರಳುಗಳನ್ನು ಹುಟ್ಟಿಸಿ ತೋರಿಸಿದನು. ಅದೇ ವರ್ಷ ವಾನೆಗಟ್ ಎಂಬವನು ಸಿಲ್ವರ್ ಅಯೋಡೈಡಿನ ಹರಳುರಚನೆ ಹಿಮದ ರಚನೆಯನ್ನು ಬಹುವಾಗಿ ಹೋಲುವುದನ್ನು ಕಂಡುಕೊಂಡು ಅದನ್ನು ಬೀಜವಾಗಿ ಬಳಸಿದನು. ಕರ್ನಾಟಕದಲ್ಲಿ 2003ರ ಬರದಲ್ಲಿ ವರುಣ ಯೋಜನೆ, 2017ರಲ್ಲಿ ವರ್ಷಧಾರೆ ಯೋಜನೆ ನಡೆದವು. 2023ರ ಮುಂಗಾರು ಕೈಕೊಟ್ಟಾಗ ಹಾವೇರಿ ಜಿಲ್ಲೆಯ ಮೇಲೂ ವಿಮಾನದಿಂದ ಮೋಡಬಿತ್ತನೆಯಾಯಿತು. ಬೆಚ್ಚಗಿನ ಮೋಡಕ್ಕೆ ಉಪ್ಪಿನ ಜಾತಿಯ ಕಣಗಳು, ತಣ್ಣನೆಯ ಮೋಡಕ್ಕೆ ಸಿಲ್ವರ್ ಅಯೋಡೈಡು. ಇವೆರಡರ ಕೆಲಸದ ರೀತಿ ಬೇರೆ. ಎರಡನೆಯದರಲ್ಲಿ ಮಾತ್ರ ಅನಿಲ ಘನವಾಗುವ ಸಂಗತಿಯಿದೆ. ಶಿಗ್ಗಾಂವಿ ಸವಣೂರುಗಳ ಮಳೆಯಾಶ್ರಿತ ಹೊಲದ ಒಡೆಯನಿಗೆ ತಿಳಿಯಬೇಕಾದ ಮಾತು ಇಷ್ಟು: ಬಿತ್ತನೆಯಿಂದ ಮೋಡವನ್ನು ಹುಟ್ಟಿಸಲಾಗದು. ಇರುವ ಮೋಡ ತಕ್ಕಷ್ಟು ಆವಿಯಿಂದ ತುಂಬಿದ್ದರೆ ಅದರ ಬಸಿರಿನಿಂದ ಮಳೆ ಇಳಿಯುವುದಕ್ಕೆ ಅಷ್ಟಿಷ್ಟು ನೆರವಾಗಬಹುದು. ಆ ನೆರವು ಎಷ್ಟೆಂಬ ಬಗ್ಗೆ ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲ. ವಿಮಾನ ಹಾರಿದ ಮರುದಿನ ಮಳೆ ಬಂದರೆ ಅದು ವಿಮಾನದ್ದೇ ಎನ್ನುವುದೂ, ಬಾರದಿದ್ದರೆ ಎಲ್ಲ ಬೂಟಾಟಿಕೆ ಎನ್ನುವುದೂ ಎರಡೂ ಅವಸರದ ತೀರ್ಪುಗಳು.

ಕಾರ್ಖಾನೆಗಳಲ್ಲಿ ಈ ಕ್ರಿಯೆಯ ಉಪಯೋಗ ಅಪಾರ. ಒಂದೆರಡನ್ನು ಮಾತ್ರ ಹೇಳಿ ಬಿಡಬಹುದು. ಹಳೆಯ ಕಾಲದ ವಿದ್ಯುದ್ದೀಪದ ಬುರುಡೆ ದಿನಗಳೆದಂತೆ ಒಳಗೆ ಕಪ್ಪಾಗುತ್ತಿದ್ದುದು ಬಿಳುಪಿಗೆ ಕಾದ ಟಂಗ್‌ಸ್ಟನ್ ತಂತಿಯ ಆವಿ ಗಾಜಿನ ಮೇಲೆ ಕೂತದ್ದರಿಂದ. ಕುರುಕಲು ತಿಂಡಿಯ ಪೊಟ್ಟಣಗಳ ಒಳಮೈ ಬೆಳ್ಳಗೆ ಹೊಳೆಯುವುದು, ನಿರ್ವಾತದಲ್ಲಿ ಆವಿಯಾಗಿಸಿದ ಅಲ್ಯೂಮಿನಿಯಂ ಪ್ಲಾಸ್ಟಿಕ್ ಹಾಳೆಯ ಮೇಲೆ ಅತಿ ತೆಳುವಾಗಿ ಘನೀಭವಿಸಿದುದರ ಫಲ.

ಇನ್ನು ಶಾಲೆಯಲ್ಲಿ ಮಾಡಿ ತೋರಿಸುವ ವಿಧಾನ. ಅಯೋಡಿನ್ ಬೆಲೆಯುಳ್ಳದ್ದು, ಅದರ ಆವಿ ಕಣ್ಣಿಗೆ ಒಳ್ಳೆಯದಲ್ಲ. ನ್ಯಾಫ್ತಲೀನಿನ ಆವಿಯನ್ನೂ ಮಕ್ಕಳ ನಡುವೆ ಹರಡುವುದು ತರವಲ್ಲ. ಕರ್ಪೂರ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ ಅದನ್ನು ದೀಪದ ಮೇಲೆ ನೇರವಾಗಿ ಕಾಯಿಸಲೇಬಾರದು. ಒಂದು ಅಗಲವಾದ ಪಾತ್ರೆಯಲ್ಲಿ ಕುದಿನೀರನ್ನು ಹಾಕಿ, ಒಲೆಯಿಂದ ದೂರ ತಂದಿಟ್ಟು, ಅದರಲ್ಲಿ ಪುಡಿಮಾಡಿದ ಕರ್ಪೂರವಿರುವ ಒಣ ಬಟ್ಟಲನ್ನು ತೇಲಿಬಿಡಬೇಕು. ಬಟ್ಟಲಿನ ಬಾಯಿಗೆ ತಣ್ಣೀರು ತುಂಬಿದ ಒಂದು ಸ್ಟೀಲ್ ತಟ್ಟೆಯನ್ನು ಮುಚ್ಚಬೇಕು. ಕೆಲವು ನಿಮಿಷಗಳಾದ ಮೇಲೆ ತಟ್ಟೆಯನ್ನು ಎತ್ತಿ ಅಡಿಯನ್ನು ನೋಡಿದರೆ ಬಿಳಿಯ ಹರಳುಗಳ ತೆಳುಪದರು ಕಾಣುತ್ತದೆ. ಕರ್ಪೂರ ಕರಗುವುದು 175 ಡಿಗ್ರಿಗೂ ಮೇಲೆ, ಕುದಿನೀರು 100 ಡಿಗ್ರಿಯನ್ನು ದಾಟಲಾರದು. ಆದುದರಿಂದ ನಡುವೆ ಎಲ್ಲಿಯೂ ದ್ರವವಿರಲಿಲ್ಲವೆಂದು ಮಕ್ಕಳೇ ವಾದಿಸಿ ಸಿದ್ಧಪಡಿಸಬಹುದು.

ಎರಡನೆಯ ಪ್ರಯೋಗ ನವಸಾಗರದ್ದು, ಪೆಬಾಲನ ಪ್ರಯೋಗದ ಚಿಕ್ಕ ರೂಪ. ಸಂತೆಯಲ್ಲಿ ಕೊಂಡ ನವಸಾಗರವನ್ನು ಪುಡಿಮಾಡಿ ಒಣಗಿಸಿಕೊಳ್ಳಬೇಕು. ತೇವವಿದ್ದರೆ ನಳಿಕೆ ಒಡೆಯುವ ಭಯವಿದೆ. ಒಣ ಪ್ರನಾಳದಲ್ಲಿ ಕಾಲು ಚಮಚದಷ್ಟನ್ನು ಹಾಕಿ, ಅದರ ಮೇಲೆ ಗಾಜಿನ ಅರಳೆಯನ್ನು ಸಡಿಲವಾಗಿ ತುರುಕಿ, ಬಾಯಿಯ ಬಳಿ ಒದ್ದೆಮಾಡಿದ ಒಂದು ಕೆಂಪು, ಒಂದು ನೀಲಿ ಲಿಟ್ಮಸ್ ಕಾಗದಗಳನ್ನು ಇಡಬೇಕು. ಕಿಟಕಿ ತೆರೆದಿರಲಿ, ನಳಿಕೆಯ ಬಾಯಿ ಯಾರ ಮುಖದ ಕಡೆಗೂ ಇರದಿರಲಿ. ಓರೆಯಾಗಿ ಹಿಡಿದು ಮೆಲ್ಲಗೆ ಕಾಯಿಸಿದರೆ ಮೊದಲು ಕೆಂಪು ಕಾಗದ ನೀಲಿಯಾಗುತ್ತದೆ, ಏಕೆಂದರೆ ಹಗುರವಾದ ಅಮೋನಿಯ ಮುಂಚೆ ಬಂದಿತು. ತುಸು ಹೊತ್ತಿನಲ್ಲಿ ಎರಡೂ ಕೆಂಪಿಗೆ ತಿರುಗುತ್ತವೆ, ಹಿಂದುಳಿದ ಆಮ್ಲ ಬಂದು ಮುಟ್ಟಿತು. ಅವಸರದಿಂದ ಜೋರಾಗಿ ಕಾಯಿಸಿದರೆ ಎರಡೂ ಒಟ್ಟಿಗೆ ಬಂದು ಪ್ರಯೋಗ ಕೆಡುತ್ತದೆ. ಅಷ್ಟರಲ್ಲಿ ನಳಿಕೆಯ ಮೇಲಿನ ತಂಪಾದ ಭಾಗದಲ್ಲಿ ಬಿಳಿಯ ಪಟ್ಟಿಯೊಂದು ಕೂತಿರುತ್ತದೆ. ತಣಿದ ಮೇಲೆ ಅದನ್ನು ಕಡ್ಡಿಯಿಂದ ಕೆರೆದು ಕಾಗದದ ಮೇಲೆ ಉದುರಿಸಿಕೊಂಡು, ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ಒಂದಿಷ್ಟು ಬೆರೆಸಿ ಕಡ್ಡಿಯಿಂದಲೇ ಅರೆದರೆ ಅಮೋನಿಯದ ಘಾಟು ಮತ್ತೆ ಏಳುತ್ತದೆ. ಹೊಸದಾಗಿ ಪುಡಿಮಾಡಿದ ನವಸಾಗರಕ್ಕೂ ಹಾಗೆಯೇ ಸುಣ್ಣ ಬೆರೆಸಿ ಎರಡನ್ನೂ ಹೋಲಿಸಿ ನೋಡಲು ವಿದ್ಯಾರ್ಥಿಗಳಿಗೆ ಬಿಡಬೇಕು.